ಕ್ಯಾಲಿಫೋರ್ನಿಯಾದಲ್ಲಿ ಲ್ಯಾಂಡ್‌ಲೈನ್ ನಿಂತೇ ಹೋಗುತ್ತಾ? ತಂತಿ ಹೋದರೆ ಹೋಗಲಿ, ಹೊಣೆ ಹೋಗಬಾರದು

ಪ್ರಶ್ನೆ: ಸರ್, ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು, ಈಗ ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್ ಬೆಟ್ಟಗಳಲ್ಲಿ, ಬೌಲ್ಡರ್ ಕ್ರೀಕ್ ಹತ್ತಿರ ಇದ್ದೇವೆ. ಅಮ್ಮನಿಗೆ 78 ವರ್ಷ, ನಮ್ಮ ಜೊತೆಗೇ ಇದ್ದಾರೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ಒಂದು ಕಡ್ಡಿ ಬಂದರೆ ಪುಣ್ಯ. ಅದಕ್ಕೇ ಹಳೇ ಲ್ಯಾಂಡ್‌ಲೈನ್ ಉಳಿಸಿಕೊಂಡಿದ್ದೇವೆ. ಅಮ್ಮ ಕೊರಳಿಗೆ ಹಾಕಿಕೊಳ್ಳುವ ಎಮರ್ಜೆನ್ಸಿ ಬಟನ್ ಕೂಡ ಅದೇ ಲೈನಿನಲ್ಲಿದೆ. ಮೊನ್ನೆ ಬಾಗಿಲಿಗೆ ಬಂದ ಒಬ್ಬ ಸೇಲ್ಸ್ ಹುಡುಗ, "ತಾಮ್ರದ ಲೈನ್ ಎಲ್ಲಾ 2022ರಲ್ಲೇ ಕಾನೂನು ಪ್ರಕಾರ ಬಂದ್ ಆಗಿದೆ, ಈಗಲೇ ಬದಲಾಯಿಸಿಕೊಳ್ಳಿ" ಅಂದ. ರಾಜ್ಯದ ನಿಯಮಗಳನ್ನೂ ಬದಲಾಯಿಸುತ್ತಾರೆ ಅಂತ ಓದಿದೆ. ನಿಜವಾಗಿ ಏನು ನಡೀತಾ ಇದೆ? ಆ ನಿಯಮ ಬದಲಾಗಬೇಕಾ, ಬೇಡವಾ? ನಾವು ಏನು ಮಾಡಬೇಕು? ಇನ್ನೊಂದು ಸಣ್ಣ ಪ್ರಶ್ನೆ. ಅಮ್ಮನ ಹತ್ತಿರ ಬೆರಳಿಟ್ಟು ತಿರುಗಿಸುವ ಹಳೇ ಡಯಲ್ ಫೋನ್ ಇದೆ. ಫೈಬರ್ ಹಾಕಿಸಿಕೊಂಡರೆ ಅದು ನಡೆಯುತ್ತಾ?

ಉತ್ತರ: ನಮಸ್ಕಾರ. ಮೊದಲು ಆ ಹುಡುಗನ ಮಾತಿಗೆ ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಇದೇ ಮಾತನ್ನು ನನಗೆ ತುಂಬಾ ಜನ ಕೇಳಿದ್ದಾರೆ. ಅದು ಸುಳ್ಳು. 2022ರಲ್ಲಿ ನಿಮ್ಮ ಮನೆಯ ಲೈನನ್ನು ಬಂದ್ ಮಾಡುವ ಯಾವ ಕಾನೂನೂ ಬಂದಿಲ್ಲ. ಆದದ್ದು ಇಷ್ಟು: ಹಳೇ ದೊಡ್ಡ ಫೋನ್ ಕಂಪನಿಗಳು ತಮ್ಮ ತಾಮ್ರದ ಲೈನುಗಳನ್ನು ಪೈಪೋಟಿಯ ಸಣ್ಣ ಕಂಪನಿಗಳಿಗೆ ಸಗಟು ದರದಲ್ಲಿ ಕೊಡಲೇಬೇಕು ಅಂತ ಒಂದು ಕಟ್ಟುಪಾಡಿತ್ತು. ಅಮೆರಿಕದ ಕೇಂದ್ರ ಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, 2019ರಲ್ಲಿ ಅದನ್ನು ಸಡಿಲಿಸಿತು. ಹೊಂದಿಕೊಳ್ಳಲು ಕೊಟ್ಟ ಗಡುವು 2022ರ ಆಗಸ್ಟ್ 2ಕ್ಕೆ ಮುಗಿಯಿತು. ಕಂಪನಿ ಕಂಪನಿಗಳ ನಡುವಿನ ಸಗಟು ವ್ಯವಹಾರದ ಮಾತು ಅದು. ಅದನ್ನೇ ಹಿಡಿದುಕೊಂಡು "ಸರ್ಕಾರವೇ ಲ್ಯಾಂಡ್‌ಲೈನ್ ನಿಲ್ಲಿಸಿದೆ" ಅಂತ ಮಾರಾಟಗಾರರು ಹಬ್ಬಿಸಿಬಿಟ್ಟರು. ವಯಸ್ಸಾದವರ ಮನೆಗೆ ಹೋಗಿ ಹೀಗೆ ಹೆದರಿಸುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಬಾಗಿಲಲ್ಲಿ ನಿಂತು ಕೇಳಿದರೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಆದರೆ ಪೂರ್ತಿ ನಿಶ್ಚಿಂತೆಯಿಂದ ಇರಿ ಅಂತಲೂ ಹೇಳಲಾರೆ. ನಿಯಮಗಳು ಬದಲಾಗುವ ದಾರಿಯಲ್ಲಿರುವುದು ನಿಜ. ಬದಲಾಗಬೇಕು ಅಂತಲೇ ನನ್ನ ಅಭಿಪ್ರಾಯ ಕೂಡ. ಹೇಗೆ ಬದಲಾಗಬೇಕು ಅನ್ನುವುದರಲ್ಲೇ ಎಲ್ಲಾ ಜಗಳ ಇರುವುದು.

ನಮ್ಮ ಊರಿನವರಿಗೆ "ರಾಜ್ಯದ ಫೋನ್ ನಿಯಮ" ಅನ್ನುವುದೇ ಸ್ವಲ್ಪ ವಿಚಿತ್ರವಾಗಿ ಕೇಳುತ್ತದೆ. ಭಾರತದಲ್ಲಿ ಫೋನು ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ. ಬೆಂಗಳೂರಿನ ವಿಧಾನಸೌಧಕ್ಕೂ ನಿಮ್ಮ ಬಿಎಸ್‌ಎನ್‌ಎಲ್ ಬಿಲ್ಲಿಗೂ ಸಂಬಂಧ ಇಲ್ಲ, ಎಲ್ಲಾ ದೆಹಲಿಯ ಟ್ರಾಯ್ ಮತ್ತು ದೂರಸಂಪರ್ಕ ಇಲಾಖೆ ನೋಡಿಕೊಳ್ಳುತ್ತವೆ. ಅಮೆರಿಕದಲ್ಲಿ ಹಾಗಲ್ಲ. 1934ರ ಸಂಪರ್ಕ ಕಾಯ್ದೆಯೇ ಕೆಲಸ ಹಂಚಿಬಿಟ್ಟಿದೆ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಕರೆ ಎಫ್‌ಸಿಸಿಯದು, ರಾಜ್ಯದ ಒಳಗಿನ ಸೇವೆ ಆಯಾ ರಾಜ್ಯದ ಆಯೋಗದ್ದು. ಕರ್ನಾಟಕದಲ್ಲಿ ಕರೆಂಟ್ ದರವನ್ನು ಕೆಇಆರ್‌ಸಿ ನೋಡಿಕೊಳ್ಳುತ್ತದೆ ಅಲ್ವಾ, ಹಾಗೆ ಕ್ಯಾಲಿಫೋರ್ನಿಯಾದಲ್ಲಿ ಕರೆಂಟು, ಗ್ಯಾಸು, ನೀರಿನ ಕಂಪನಿಗಳ ಜೊತೆ ಫೋನನ್ನೂ ಸಿಪಿಯುಸಿ ಅನ್ನುವ ಆಯೋಗ ನೋಡಿಕೊಳ್ಳುತ್ತದೆ. ಇದು 1911ರಲ್ಲಿ ರೈಲ್ವೆ ಕಂಪನಿಗಳ ದರ್ಬಾರಿಗೆ ಕಡಿವಾಣ ಹಾಕಲು ಬಲ ಪಡೆದ ರೈಲ್‌ರೋಡ್ ಕಮಿಷನ್ನೇ. ಹೆಸರು ಬದಲಾದದ್ದು 1946ರಲ್ಲಿ.

ಈಗ ನಿಮ್ಮ ಲೈನಿನ ಬುಡಕ್ಕೆ ಬರೋಣ. ಅಮೆರಿಕದಲ್ಲಿ ಒಂದು ಪದ ಇದೆ, ಕ್ಯಾರಿಯರ್ ಆಫ್ ಲಾಸ್ಟ್ ರೆಸಾರ್ಟ್. ಈ ವ್ಯವಹಾರದಲ್ಲಿ ಇರುವವರು ಬಾಯಲ್ಲಿ "ಕೋಲರ್" ಅಂತಾರೆ. ನಾನು ಕೊನೆಯ ಆಸರೆಯ ಕಂಪನಿ ಅನ್ನುತ್ತೇನೆ. ಅರ್ಥ ಸುಲಭ. ಒಂದು ಪ್ರದೇಶದಲ್ಲಿ ಬೇರೆ ಯಾರೂ ಫೋನ್ ಕೊಡದಿದ್ದರೂ ಈ ಕಂಪನಿ ಕೊಡಲೇಬೇಕು. ನಿಮ್ಮ ಮನೆ ಕಾಡಿನ ತುದಿಯಲ್ಲಿದೆ, ಕಂಬ ಹಾಕಲು ಖರ್ಚು ಜಾಸ್ತಿ, ನಿಮ್ಮೊಬ್ಬರಿಂದ ಲಾಭ ಇಲ್ಲ ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಕೇಳಿದವರಿಗೆಲ್ಲಾ, ನ್ಯಾಯವಾದ ದರದಲ್ಲಿ, ಮೂಲ ಫೋನ್ ಸೇವೆ.

ಈ ಹೊಣೆ ಸುಮ್ನೆ ಆಕಾಶದಿಂದ ಬೀಳಲಿಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಥಿಯೋಡರ್ ವೇಲ್ ಎಂಬಾತ ಎಟಿ ಅಂಡ್ ಟಿ ಕಂಪನಿಯ ಮುಖ್ಯಸ್ಥನಾಗಿದ್ದ. ದೇಶಕ್ಕೆಲ್ಲಾ ಒಂದೇ ಜಾಲ, ಒಂದೇ ನೀತಿ, ಎಲ್ಲರಿಗೂ ಸೇವೆ ಅಂತ ಆತ ಸಾರಿದ. ಪೈಪೋಟಿ ಇಲ್ಲದೆ ವ್ಯಾಪಾರ ಮಾಡಲು ಬಿಡಿ, ಬದಲಿಗೆ ನಿಯಂತ್ರಣಕ್ಕೆ ಒಪ್ಪಿಕೊಳ್ಳುತ್ತೇವೆ ಅನ್ನುವುದು ಅದರ ಒಳಗಿನ ಒಪ್ಪಂದ. ಹಲವು ದಶಕ ಹೀಗೇ ನಡೆಯಿತು. ನಗರದ ಗಿರಾಕಿ ಕೊಟ್ಟ ಹಣದಲ್ಲಿ ಬೆಟ್ಟದ ಮನೆಗೂ ತಂತಿ ಹೋಯಿತು. 1984ರ ಜನವರಿ 1ಕ್ಕೆ ಆ ಒಂದು ಕಂಪನಿ ಒಡೆದು ಏಳು ಪ್ರಾದೇಶಿಕ ಕಂಪನಿಗಳಾದವು. ಕ್ಯಾಲಿಫೋರ್ನಿಯಾದ ಪಾಲಿಗೆ ಬಂದದ್ದು ಪೆಸಿಫಿಕ್ ಟೆಲಿಸಿಸ್. ಆಮೇಲೆ ಒಂದನ್ನೊಂದು ಕೊಳ್ಳುತ್ತಾ ಕೊಳ್ಳುತ್ತಾ ಅದು ಮತ್ತೆ ಎಟಿ ಅಂಡ್ ಟಿ ಹೆಸರಿನ ಕೆಳಗೇ ಬಂತು. 1996ರ ಟೆಲಿಕಾಂ ಕಾಯ್ದೆ ಸ್ಥಳೀಯ ಫೋನಿಗೂ ಪೈಪೋಟಿ ತೆರೆಯಿತು. ಅದೇ ವರ್ಷ ಸಿಪಿಯುಸಿ ಕೊನೆಯ ಆಸರೆಯ ನಿಯಮಗಳನ್ನು ಬರೆಯಿತು. ಯಾವ ಕಂಪನಿ ಈ ಹೊಣೆಯಿಂದ ಬಿಡುಗಡೆ ಕೇಳುತ್ತದೋ, ಅದರ ಜಾಗಕ್ಕೆ ಇನ್ನೊಂದು ಕಂಪನಿ ಬಂದು ನಿಲ್ಲಬೇಕು. ಯಾರೂ ಬರದಿದ್ದರೆ ಬಿಡುಗಡೆ ಇಲ್ಲ. ಈ ಒಂದು ಸಾಲು ನೆನಪಿಡಿ, ಮುಂದಿನ ಕಥೆ ಪೂರ್ತಿ ಇದರ ಮೇಲೇ ನಿಂತಿದೆ.

2023ರ ಮಾರ್ಚ್‌ನಲ್ಲಿ ಎಟಿ ಅಂಡ್ ಟಿ ಸಿಪಿಯುಸಿಗೆ ಅರ್ಜಿ ಹಾಕಿತು. ರಾಜ್ಯದಲ್ಲಿ ತನ್ನ ಸೇವಾ ಪ್ರದೇಶದ ಬಹುಪಾಲು ಕಡೆ ಈ ಹೊಣೆಯಿಂದ ಬಿಡಿಸಿ ಅಂತ. ಈಗ ಎಲ್ಲರ ಹತ್ತಿರ ಮೊಬೈಲ್ ಇದೆ, ಕೇಬಲ್ ಕಂಪನಿಗಳು ಇಂಟರ್ನೆಟ್ ಮೂಲಕ ಫೋನ್ ಕೊಡುತ್ತಿವೆ, ಹಳೇ ಜಾಲ ನಡೆಸಲು ದುಡ್ಡು ಸುರಿಯುವುದು ವ್ಯರ್ಥ ಅನ್ನುವುದು ಅದರ ವಾದ. 2024ರ ಶುರುವಿನಲ್ಲಿ ಸಾರ್ವಜನಿಕ ಅಹವಾಲು ಸಭೆಗಳಾದವು. ಕ್ಲೋವಿಸ್, ಯುಕಾಯಾ, ಇಂಡಿಯೋ ಊರುಗಳಲ್ಲಿ, ಜೊತೆಗೆ ಆನ್‌ಲೈನ್‌ನಲ್ಲಿ. ಸಾವಿರಾರು ಜನ ಬರೆದು ಹಾಕಿದರು. ಅವರಲ್ಲಿ ಹೆಚ್ಚಿನವರು ನಿಮ್ಮ ಹಾಗೇ, ಬೆಟ್ಟದವರು, ಹಳ್ಳಿಯವರು, ವಯಸ್ಸಾದವರು. ಗ್ರಾಮೀಣ ಕೌಂಟಿಗಳ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಒಕ್ಕೂಟ, ಟರ್ನ್ ಎಂಬ ಗ್ರಾಹಕರ ಸಂಘಟನೆ, ಸಿಪಿಯುಸಿ ಒಳಗೇ ಇರುವ ಸಾರ್ವಜನಿಕ ವಕೀಲರ ಕಚೇರಿ, ಎಲ್ಲರೂ ವಿರೋಧಿಸಿದರು. 2024ರ ಜೂನ್ 20ರಂದು ಆಯೋಗ ಅರ್ಜಿಯನ್ನು ತಳ್ಳಿಹಾಕಿತು. ಕಾರಣ ಮೇಲೆ ಹೇಳಿದ ಅದೇ ಸಾಲು. ಜಾಗಕ್ಕೆ ಬಂದು ನಿಲ್ಲಲು ಬೇರೆ ಕಂಪನಿ ಯಾವುದೂ ಮುಂದೆ ಬಂದಿರಲಿಲ್ಲ. ಮೊಬೈಲ್ ಇದೆ, ಕೇಬಲ್ ಇದೆ ಅನ್ನುವುದು ಸಾಲದು, ಅವರ್‍ಯಾರಿಗೂ ಎಲ್ಲರಿಗೂ ಕೊಡಲೇಬೇಕು ಅನ್ನುವ ಹೊಣೆ ಇಲ್ಲ.

ಇಲ್ಲಿ ತುಂಬಾ ಜನ ತಪ್ಪು ತಿಳಿದುಕೊಳ್ಳುವ ಒಂದು ವಿಷಯ ಹೇಳಲೇಬೇಕು. ಈ ನಿಯಮದಲ್ಲಿ ತಾಮ್ರ ಅನ್ನುವ ಕಟ್ಟಳೆ ಇಲ್ಲ. ತಾಮ್ರ ತೆಗೆದು ಫೈಬರ್ ಎಳೆಯಲು ನಮ್ಮ ನಿಯಮ ಅಡ್ಡಿ ಮಾಡುವುದಿಲ್ಲ ಅಂತ ಆಯೋಗವೇ ಸ್ಪಷ್ಟವಾಗಿ ಹೇಳಿದೆ. ಸೇವೆ ಕೊಡಬೇಕು, ಅಷ್ಟೇ. ಯಾವ ತಂತಿಯಲ್ಲಿ ಕೊಡುತ್ತೀರೋ ಅದು ನಿಮ್ಮಿಷ್ಟ. ಹಾಗಿದ್ದ ಮೇಲೆ "ಹಳೇ ನಿಯಮದಿಂದಾಗಿ ಹೊಸ ತಂತ್ರಜ್ಞಾನ ತರಲು ಆಗುತ್ತಿಲ್ಲ" ಅನ್ನುವ ಮಾತು ಅರ್ಧ ಮಾತ್ರ ನಿಜ. ಫೈಬರ್ ಎಳೆದರೆ ಲಾಭ ಬರುವ ಕಡೆ ಅವರು ಹೇಗೂ ಎಳೆಯುತ್ತಾರೆ. ಎಳೆದರೂ ಲಾಭ ಬರದ ಕಡೆ ಏನು ಅನ್ನುವುದೇ ಪ್ರಶ್ನೆ. ನಿಮ್ಮ ಬೆಟ್ಟ ಆ ಎರಡನೇ ಗುಂಪಿಗೆ ಸೇರುವ ಸಾಧ್ಯತೆ ಜಾಸ್ತಿ.

ಅರ್ಜಿ ತಳ್ಳಿಹಾಕಿದ ದಿನವೇ ಆಯೋಗ ಇನ್ನೊಂದು ಕೆಲಸ ಮಾಡಿತು. 1996ರ ನಿಯಮಗಳನ್ನೇ ಹೊಸದಾಗಿ ನೋಡೋಣ ಅಂತ ಪ್ರತ್ಯೇಕ ನಡಾವಳಿ ತೆರೆಯಿತು. ಅದರ ಸಂಖ್ಯೆ ಆರ್.24-06-012. ನೀವು ಓದಿದ "ರಾಜ್ಯದ ನಿಯಮ ಬದಲಾವಣೆ" ಇದೇ ಇರಬೇಕು. ಶಾಸಕಾಂಗದ ಕಡೆಯಿಂದಲೂ 2024ರಲ್ಲಿ ಹೊಣೆ ಸಡಿಲಿಸುವ ಮಸೂದೆ ಬಂತು, ಆ ವರ್ಷ ಪಾಸಾಗಲಿಲ್ಲ.

ಬೇರೆ ರಾಜ್ಯಗಳಲ್ಲಿ ಏನಾಗಿದೆ ಅಂತ ನೋಡಿದರೆ ಕ್ಯಾಲಿಫೋರ್ನಿಯಾ ಎಷ್ಟು ಒಂಟಿಯಾಗಿದೆ ಅಂತ ಗೊತ್ತಾಗುತ್ತದೆ. ಎಟಿ ಅಂಡ್ ಟಿ ಹಳೇ ಫೋನ್ ಜಾಲ ನಡೆಸುವುದು 21 ರಾಜ್ಯಗಳಲ್ಲಿ. ಅವುಗಳಲ್ಲಿ 20 ರಾಜ್ಯಗಳು ಈ ಹೊಣೆಯನ್ನು ಸಡಿಲಿಸಿವೆ ಅಂತ ಕಂಪನಿಯೇ ಹೇಳುತ್ತದೆ. ವಿಸ್ಕಾನ್ಸಿನ್ 2011ರಲ್ಲಿ, ಮಿಷಿಗನ್ 2014ರಲ್ಲಿ, ಕೆಂಟಕಿ 2015ರಲ್ಲಿ. ಇಲಿನಾಯ್‌ನಲ್ಲಿ 2017ರಲ್ಲಿ ಗವರ್ನರ್ ವೀಟೋ ಮಾಡಿದರೂ ಶಾಸಕರು ಅದನ್ನು ಮೀರಿ ಕಾನೂನು ಮಾಡಿದರು. 2024ರ ಡಿಸೆಂಬರ್‌ನಲ್ಲಿ ಕಂಪನಿ, 2029ರ ಕೊನೆಯ ಹೊತ್ತಿಗೆ ತಾಮ್ರದ ಜಾಲದ ಬಹುಪಾಲು ಮುಚ್ಚುತ್ತೇವೆ, ಕ್ಯಾಲಿಫೋರ್ನಿಯಾ ಬಿಟ್ಟು, ಅಂತ ಪ್ರಕಟಿಸಿತು. ಎಫ್‌ಸಿಸಿ ಕೂಡ 2025ರಲ್ಲಿ ತನ್ನ ಕಡೆಯ ನಿಯಮಗಳನ್ನು ಸಡಿಲಿಸಲು ಶುರುಮಾಡಿ, ಜುಲೈನಲ್ಲಿ ಹಳೇ ಸೇವೆ ನಿಲ್ಲಿಸುವ ದಾರಿ ಸುಲಭ ಮಾಡುವ ಹೊಸ ಪ್ರಸ್ತಾವ ಮುಂದಿಟ್ಟಿತು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಬೇರೆ ಹೇಳಬೇಕಾಗಿಲ್ಲ.

ಈಗ ಕಂಪನಿಯ ಕಷ್ಟವನ್ನೂ ಪ್ರಾಮಾಣಿಕವಾಗಿ ನೋಡಬೇಕು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಶುರುಮಾಡಿದವನು, ಹಾಗಾಗಿ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಅಮೆರಿಕದಲ್ಲಿ ಹತ್ತು ವಯಸ್ಕರಲ್ಲಿ ಏಳಕ್ಕಿಂತ ಹೆಚ್ಚು ಮಂದಿಯ ಮನೆಯಲ್ಲಿ ಈಗ ಬರೀ ಮೊಬೈಲ್. ಸಾವಿರ ಮನೆಗೆ ಅಂತ ಕಟ್ಟಿದ ಎಕ್ಸ್‌ಚೇಂಜಿಗೆ ನೂರು ಮನೆ ಉಳಿದರೂ ಕಟ್ಟಡ ಅಷ್ಟೇ ದೊಡ್ಡದು, ಬ್ಯಾಟರಿ ಅಷ್ಟೇ, ನೆಲದಡಿಯ ಕೇಬಲ್ ಅಷ್ಟೇ ಉದ್ದ. ಖರ್ಚು ಕಡಿಮೆಯಾಗುವುದಿಲ್ಲ, ಹಂಚಿಕೊಳ್ಳುವ ಜನ ಕಡಿಮೆಯಾಗುತ್ತಾರೆ. ಕರೆ ಜೋಡಿಸುವ ಹಳೇ ಸ್ವಿಚ್ಚಿನ ಬಿಡಿಭಾಗ ಮಾಡುವವರೇ ಇಲ್ಲ, ಗೊತ್ತಿದ್ದ ಕೆಲಸಗಾರರು ನಿವೃತ್ತರಾಗುತ್ತಿದ್ದಾರೆ. ಮೇಲೆ ತಾಮ್ರದ ಕಳ್ಳತನ. ನೀರು ಹೊಕ್ಕ ಹಳೇ ಕೇಬಲ್ಲಿನಲ್ಲಿ ಒಂದು ಜೋಡಿ ತಂತಿ ಸರಿಮಾಡಿದರೆ ಪಕ್ಕದ ಎರಡು ಜೋಡಿ ಕೆಡುತ್ತವೆ, ಲೈನ್‌ಮನ್ ಕೆಲಸ ಮಾಡಿದವರಿಗೆಲ್ಲಾ ಇದು ಗೊತ್ತು. ತಾಮ್ರ ಶಾಶ್ವತವಾಗಿ ಇರಲಿ ಅಂತ ನಾನು ಹೇಳುವುದಿಲ್ಲ. ಆ ಜಾಲ ಸಾಯುತ್ತಿದೆ, ಬಲವಂತವಾಗಿ ಉಸಿರಾಡಿಸಿದರೆ ಕೊನೆಗೆ ಕೆಟ್ಟ ಸೇವೆಯೇ ಸಿಗುವುದು.

ಹಾಗಾದರೆ ಜನ ಯಾಕೆ ಅದಕ್ಕೆ ಅಂಟಿಕೊಂಡಿದ್ದಾರೆ? ಕಾರಣ ಕರೆಂಟು. ಮಲೆನಾಡಿನವರಿಗೆ ಇದನ್ನು ವಿವರಿಸುವುದೇ ಬೇಡ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದರೂ ಮನೆಯ ಫೋನ್ ಎತ್ತಿದರೆ ಡಯಲ್ ಟೋನ್ ಬರುತ್ತಿತ್ತು ಅಲ್ವಾ? ಕಂಬ ನಿಂತಿದ್ದರೆ, ಎಕ್ಸ್‌ಚೇಂಜಿನ ಬ್ಯಾಟರಿಗೆ ಜೀವ ಇದ್ದರೆ, ಅಷ್ಟೇ ಸಾಕಿತ್ತು. ಅದೇ ಸೂತ್ರ ಇಲ್ಲೂ. ಎಕ್ಸ್‌ಚೇಂಜಿನಿಂದ ಸುಮಾರು 48 ವೋಲ್ಟ್ ಡಿಸಿ ಅದೇ ತಂತಿಯಲ್ಲೇ ನಿಮ್ಮ ಮನೆಗೆ ಬರುತ್ತದೆ, ಅದರಲ್ಲೇ ಫೋನ್ ನಡೆಯುತ್ತದೆ. ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಸಾಲು, ಹಿಂದೆ ಡೀಸೆಲ್ ಜನರೇಟರ್. ನಿಮ್ಮ ಮನೆಯ ಗೋಡೆಯ ಪ್ಲಗ್ಗಿಗೂ ಫೋನಿಗೂ ನಂಟೇ ಇಲ್ಲ.

ಫೈಬರ್ ಹಾಗಲ್ಲ. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಆ ಬೆಳಕನ್ನು ಫೋನಿಗೆ ತಕ್ಕ ಹಾಗೆ ಬದಲಿಸಲು ಮನೆಯಲ್ಲಿ ಒಂದು ಡಬ್ಬಿ ಇಡುತ್ತಾರೆ, ಅದಕ್ಕೆ ನಿಮ್ಮ ಕರೆಂಟೇ ಬೇಕು. ಕರೆಂಟ್ ಹೋದರೆ ಡಬ್ಬಿ ಸತ್ತಿತು, ಫೋನೂ ಸತ್ತಿತು, ಪಕ್ಕದಲ್ಲಿ ಬ್ಯಾಟರಿ ಇಟ್ಟಿದ್ದರೆ ಮಾತ್ರ ಬದುಕುತ್ತದೆ. ಇಂಥ ಸೇವೆ ಕೊಡುವವರು ಗ್ರಾಹಕರಿಗೆ 8 ಗಂಟೆಯ ಬ್ಯಾಟರಿಯನ್ನು, 2019ರಿಂದ 24 ಗಂಟೆಯದನ್ನು ಕೂಡ, ಕೊಳ್ಳುವ ಆಯ್ಕೆ ಕೊಡಬೇಕು ಅಂತ ಎಫ್‌ಸಿಸಿ ನಿಯಮ ಇತ್ತು. ಕೊಡಬೇಕು ಅಂದರೆ ಪುಕ್ಕಟೆ ಅಲ್ಲ, ದುಡ್ಡಿಗೆ. ಆ ನಿಯಮಕ್ಕೂ ಕೊನೆಯ ದಿನಾಂಕ ಇತ್ತು, 2025ರ ಸೆಪ್ಟೆಂಬರ್‌ಗೆ ಮುಗಿದುಹೋಯಿತು.

ಮೊಬೈಲ್ ಇದೆಯಲ್ಲಾ ಅನ್ನುವವರಿಗೆ 2019ರ ಅಕ್ಟೋಬರ್ ನೆನಪಿಸುತ್ತೇನೆ. ಕರೆಂಟ್ ತಂತಿಯಿಂದ ಕಾಡಿಗೆ ಬೆಂಕಿ ಹತ್ತೀತು ಅನ್ನುವ ಭಯಕ್ಕೆ ಪಿಜಿ ಅಂಡ್ ಇ ಎಂಬ ಕರೆಂಟ್ ಕಂಪನಿ ಉತ್ತರ ಕ್ಯಾಲಿಫೋರ್ನಿಯಾದ ಲಕ್ಷಾಂತರ ಮನೆಗಳ ಕರೆಂಟ್ ತೆಗೆಯಿತು. ಅಕ್ಟೋಬರ್ 28ರ ಹೊತ್ತಿಗೆ ರಾಜ್ಯದಲ್ಲಿ 874 ಮೊಬೈಲ್ ಟವರ್ ನಿಂತಿದ್ದವು. ಮರೀನ್ ಕೌಂಟಿಯಲ್ಲಂತೂ ಅರ್ಧಕ್ಕಿಂತ ಹೆಚ್ಚು ಟವರ್ ಸತ್ತಿದ್ದವು. ಬೆಂಕಿ ಬರಬಹುದು, ಮನೆ ಬಿಡಿ ಅಂತ ಎಚ್ಚರಿಕೆ ಕೊಡಬೇಕಾದ ದಿನಗಳಲ್ಲೇ ಎಚ್ಚರಿಕೆ ಮುಟ್ಟಿಸುವ ಸಾಧನ ಇರಲಿಲ್ಲ. ಮರುವರ್ಷದ ಆಗಸ್ಟ್‌ನಲ್ಲಿ ನಿಮ್ಮ ಬೆಟ್ಟದಲ್ಲೇ ಸಿಡಿಲಿನಿಂದ ಹತ್ತಿದ, ಸಿಝಡ್‌ಯು ಅಂತ ಹೆಸರಾದ ಕಾಡ್ಗಿಚ್ಚು ಬಂತು, ಸಾವಿರಕ್ಕೂ ಹೆಚ್ಚು ಕಟ್ಟಡ ಸುಟ್ಟುಹೋದವು. ನೀವು ಆಗ ಅಲ್ಲಿದ್ದಿರೋ ಇಲ್ಲವೋ, ನಿಮ್ಮ ಅಕ್ಕಪಕ್ಕದವರನ್ನು ಕೇಳಿ ನೋಡಿ.

ಆ ಕತ್ತಲೆಯ ನಂತರ ಸಿಪಿಯುಸಿ ಒಂದು ಒಳ್ಳೆಯ ಕೆಲಸ ಮಾಡಿತು. ಬೆಂಕಿಯ ಅಪಾಯ ಹೆಚ್ಚಿರುವ ಪ್ರದೇಶಗಳಲ್ಲಿ ಮೊಬೈಲ್ ಕಂಪನಿಗಳು 72 ಗಂಟೆ ನಡೆಯುವಷ್ಟು ಬದಲಿ ವಿದ್ಯುತ್ ಇಟ್ಟುಕೊಳ್ಳಬೇಕು ಅಂತ 2020ರ ಜುಲೈನಲ್ಲಿ ಆದೇಶಿಸಿತು. 2021ರ ಫೆಬ್ರವರಿಯಲ್ಲಿ ತಂತಿ ಕಂಪನಿಗಳಿಗೂ ಅದೇ ಮಾತು. ಆದರೆ ಒಂದು ತೂತು ನೋಡಿ. ಕಂಪನಿಯ ಜಾಲ 72 ಗಂಟೆ ಬದುಕಿದರೂ ನಿಮ್ಮ ಮನೆಯೊಳಗಿನ ಡಬ್ಬಿ ಕರೆಂಟ್ ಹೋದ ಕ್ಷಣವೇ ಸಾಯುತ್ತದೆ. ಸರಪಳಿಯ ಕೊನೆಯ ಕೊಂಡಿ ನಿಮ್ಮ ತಲೆಗೆ ಕಟ್ಟಿದ್ದು.

ನಿಯಮ ಬರೆಯುವವರೆಲ್ಲಾ ಒಮ್ಮೆ ನೋಡಬೇಕಾದ ಊರು ನ್ಯೂಯಾರ್ಕ್ ಹತ್ತಿರದ ಫೈರ್ ಐಲ್ಯಾಂಡ್. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಆ ದ್ವೀಪದ ಪಶ್ಚಿಮ ಭಾಗದ ತಾಮ್ರದ ಜಾಲವನ್ನು ಹಾಳುಮಾಡಿತು. ವೆರೈಝನ್ ಕಂಪನಿ, ತಾಮ್ರ ಮತ್ತೆ ಹಾಕುವುದಿಲ್ಲ, ಬದಲಿಗೆ ವಾಯ್ಸ್ ಲಿಂಕ್ ಅನ್ನುವ ಡಬ್ಬಿ ಕೊಡುತ್ತೇವೆ ಅಂದಿತು. ಗೋಡೆಗೆ ಹಾಕುವ ಸಣ್ಣ ಡಬ್ಬಿ, ಮೊಬೈಲ್ ಟವರಿನಿಂದ ಸಿಗ್ನಲ್ ಹಿಡಿದು ಮನೆಯ ಫೋನಿಗೆ ಕೊಡುತ್ತದೆ. ಮಾತಾಡಲು ಸಾಕು. ಆದರೆ ಫ್ಯಾಕ್ಸ್ ಹೋಗುತ್ತಿರಲಿಲ್ಲ, ಅಂಗಡಿಯ ಕಾರ್ಡ್ ಮೆಷಿನ್ ನಡೆಯುತ್ತಿರಲಿಲ್ಲ, ಕಳ್ಳರ ಅಲಾರಂ ಇಲ್ಲ, ಫೋನ್ ತಂತಿಯಲ್ಲೇ ಬರುವ ಡಿಎಸ್‌ಎಲ್ ಇಂಟರ್ನೆಟ್ ಇಲ್ಲ. ನಿಮ್ಮ ಅಮ್ಮನ ಕೊರಳಿನಲ್ಲಿರುವಂಥ ಬಟನ್ ಕೂಡ ನಡೆಯುತ್ತಿರಲಿಲ್ಲ. ಜನ ರಾಜ್ಯದ ಆಯೋಗಕ್ಕೆ ದೂರಿನ ಮೇಲೆ ದೂರು ಬರೆದರು, ನ್ಯೂಯಾರ್ಕಿನ ಅಟಾರ್ನಿ ಜನರಲ್ ಕೂಡ ಜನರ ಪರ ನಿಂತರು. 2013ರ ಸೆಪ್ಟೆಂಬರ್‌ನಲ್ಲಿ ಕಂಪನಿ ಮಣಿದು, ದ್ವೀಪಕ್ಕೆ ಫೈಬರ್ ಎಳೆಯುತ್ತೇವೆ ಅಂದಿತು.

ಆ ಜನರಿಗೆ ತಾಮ್ರ ವಾಪಸ್ ಸಿಗಲಿಲ್ಲ, ತಾಮ್ರಕ್ಕಿಂತ ಒಳ್ಳೆಯದೇ ಸಿಕ್ಕಿತು. ಯಾಕೆ ಸಿಕ್ಕಿತು? ಕೇಳುವವರು ಒಬ್ಬರಿದ್ದರು, ಆ ಕೇಳುವವರಿಗೆ ಕಾನೂನಿನ ಬಲ ಇತ್ತು. ರಾಜ್ಯದ ಆಯೋಗಕ್ಕೆ ಅಧಿಕಾರವೇ ಇಲ್ಲದಿದ್ದರೆ ಆ ದೂರುಗಳೆಲ್ಲಾ ಕಂಪನಿಯ ಕಾಲ್ ಸೆಂಟರಿನಲ್ಲೇ ಕೊಳೆಯುತ್ತಿದ್ದವು.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ, ನಿಯಮ ಬದಲಾಗಬೇಕಾ ಅನ್ನುವುದಕ್ಕೆ, ನನ್ನ ಉತ್ತರ ಹೌದು. ಆದರೆ ತಂತಿ ಯಾವುದು ಅಂತ ನೋಡಿ ರಕ್ಷಣೆ ಕೊಡುವ ನಿಯಮ ತೆಗೆದು ಹೊಣೆಯ ಮೇಲಿನ ನಿಯಮ ಗಟ್ಟಿ ಮಾಡಬೇಕು. ಈಗ ಆಗುತ್ತಿರುವುದು ಬಹುಪಾಲು ಉಲ್ಟಾ. ರಾಜ್ಯಗಳು ಹಳೇ ನಿಯಮಗಳನ್ನು ತೆಗೆಯುವಾಗ, ಕಸದ ಜೊತೆ ಕಾಳನ್ನೂ ಎಸೆದುಬಿಟ್ಟಿವೆ.

ಕ್ಯಾಲಿಫೋರ್ನಿಯಾದಲ್ಲೇ ನೋಡಿ, ದರದ ಮೇಲಿನ ಹಿಡಿತ ಎಂದೋ ಹೋಗಿದೆ. ಪೈಪೋಟಿ ಇದೆ, ಮಾರುಕಟ್ಟೆಯೇ ದರ ನೋಡಿಕೊಳ್ಳುತ್ತದೆ ಅಂತ ಆಯೋಗ 2006ರಲ್ಲಿ ತೀರ್ಮಾನಿಸಿತು. ಮನೆಯ ಮೂಲ ಸೇವೆಯ ದರಕ್ಕಿದ್ದ ಮಿತಿಯೂ 2011ರಿಂದ ಹೋಯಿತು. ಇಂಟರ್ನೆಟ್ ಮೂಲಕ ಬರುವ ಫೋನನ್ನು ಆಯೋಗ ಮುಟ್ಟಲೇಬಾರದು ಅಂತ ಶಾಸಕಾಂಗ 2012ರಲ್ಲಿ ಕಾನೂನು ಮಾಡಿತು, ಅದು 2020ರ ಜನವರಿ 1ರವರೆಗೆ ನಡೆಯಿತು. ಜನರೆಲ್ಲಾ ತಾಮ್ರದಿಂದ ಇಂಟರ್ನೆಟ್ ಫೋನಿಗೆ ಹೋದ ವರ್ಷಗಳಲ್ಲೇ ಕಾವಲುಗಾರನ ಕಣ್ಣು ಕಟ್ಟಿದ್ದರು. ಕೆಟ್ಟ ಲೈನುಗಳಲ್ಲಿ 90 ಶೇಕಡಾವನ್ನು 24 ಗಂಟೆಯೊಳಗೆ ಸರಿಮಾಡಬೇಕು, ತಪ್ಪಿದರೆ ದಂಡ, ಅಂತ 2016ರಲ್ಲಿ ಬಂದ ನಿಯಮವೂ ಹಳೇ ಲೈನುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದೇ. ಒಂದೇ ಮನೆ, ಒಂದೇ ಅಜ್ಜಿ, ಒಂದೇ ಫೋನು. ತಂತಿ ಬದಲಾದ ತಕ್ಷಣ ಆಕೆಗಿದ್ದ ರಕ್ಷಣೆ ಯಾಕೆ ಕಡಿಮೆಯಾಗಬೇಕು? ಇದಕ್ಕೆ ಒಪ್ಪುವಂಥ ಉತ್ತರ ನನಗೆ ಇವತ್ತಿನವರೆಗೂ ಯಾರೂ ಕೊಟ್ಟಿಲ್ಲ.

ನನ್ನ ಕೈಯಲ್ಲಿ ಪೆನ್ನು ಕೊಟ್ಟರೆ ಹೀಗೆ ಬರೆಯುತ್ತೇನೆ. ತಾಮ್ರ, ಫೈಬರ್, ರೇಡಿಯೋ, ಯಾವುದಾದರೂ ಆಗಲಿ, ಆದರೆ ಆ ವಿಳಾಸದಲ್ಲಿ, ಮನೆಯ ಒಳಗೆ, ಗೋಡೆ ಮರ ಎಲ್ಲಾ ಇದ್ದ ಹಾಗೇ, ಪರೀಕ್ಷೆ ಮಾಡಿ ತೋರಿಸಬೇಕು. ನಕ್ಷೆಯಲ್ಲಿ ಬಣ್ಣ ತುಂಬಿ "ಇಲ್ಲಿ ಸಿಗ್ನಲ್ ಇದೆ" ಅಂದರೆ ಆಗುವುದಿಲ್ಲ. ರೆಡ್‌ವುಡ್ ಮರಗಳ ನಡುವೆ, ಕಣಿವೆಯ ತಿರುವಿನಲ್ಲಿ ಇರುವ ಮನೆಗೆ ನಕ್ಷೆ ಏನು ಮಾಡೀತು? ತುರ್ತು ಸಹಾಯದ ನಂಬರ್ 911ಕ್ಕೆ ಕರೆ ಹೋದರೆ ವಿಳಾಸ ತಾನಾಗಿ ಹೋಗಬೇಕು. ಎಮರ್ಜೆನ್ಸಿ ಬಟನ್ ನಡೆಯಬೇಕು. ಬೆಂಕಿಯ ಪ್ರದೇಶದಲ್ಲಿ ಮನೆಯೊಳಗಿನ ಡಬ್ಬಿಗೂ 72 ಗಂಟೆಯ ಬ್ಯಾಟರಿ, ಕಂಪನಿಯ ಖರ್ಚಿನಲ್ಲಿ. ಇಂಟರ್ನೆಟ್, ಟಿವಿ ಎಲ್ಲಾ ಸೇರಿಸಿ ಕಟ್ಟಿ ಮಾರದೆ ಬರೀ ಫೋನ್ ಬೇಕು ಅಂದವರಿಗೆ ಬರೀ ಫೋನ್. ಇಷ್ಟು ಮಾಡಿ ತೋರಿಸಿದ ದಿನ ತಾಮ್ರ ಕಿತ್ತುಕೊಂಡು ಹೋಗಲಿ. ಬದಲಿ ನಿಂತ ಮೇಲೆ ಹಳೆಯದು ಹೋಗಬೇಕು, ಹಳೆಯದು ಹೋದ ಮೇಲೆ ಬದಲಿ ಹುಡುಕುವುದಲ್ಲ.

ಖರ್ಚು ಯಾರದ್ದು ಅಂತ ಕಂಪನಿಗಳು ಕೇಳುತ್ತವೆ, ನ್ಯಾಯವಾದ ಪ್ರಶ್ನೆ. ಖರ್ಚು ಹೆಚ್ಚಿರುವ ಪ್ರದೇಶಗಳಿಗೆ ಸಹಾಯ ಮಾಡಲು ರಾಜ್ಯದ ನಿಧಿಗಳು ಮೊದಲೇ ಇವೆ, ನಿಮ್ಮ ಬಿಲ್ಲಿನಲ್ಲಿ ಕಾಣುವ ಸಣ್ಣ ಸರ್ಚಾರ್ಜ್ ಅಲ್ಲಿಗೂ ಹೋಗುತ್ತದೆ. ಬೆಟ್ಟದ ಹೊಣೆ ಹೊರುವ ಕಂಪನಿಗೆ ಆ ನಿಧಿಯಿಂದ ಧಾರಾಳವಾಗಿ ಕೊಡಲಿ, ನನ್ನ ವಿರೋಧ ಇಲ್ಲ. ಹಣ ಕೊಡಿ, ಲೆಕ್ಕ ಕೇಳಿ. ಉಪಯೋಗಕ್ಕೆ ಬಾರದ ಹಳೇ ಕಟ್ಟಳೆಗಳನ್ನೂ ಕಿತ್ತುಹಾಕಲಿ. ಯಾರೂ ನೋಡದ ದಪ್ಪ ಫೋನ್ ಡೈರೆಕ್ಟರಿ ಅಚ್ಚು ಹಾಕುವುದು, ಅರ್ಥವಿಲ್ಲದ ವರದಿ ತುಂಬುವುದು, ಇವುಗಳಿಂದ ಯಾರ ಜೀವವೂ ಉಳಿಯುವುದಿಲ್ಲ.

ಇನ್ನು ನೀವು ಏನು ಮಾಡಬೇಕು ಅಂತ.

ಮೊದಲು ನಿಮ್ಮ ಲೈನ್ ನಿಜವಾಗಿ ತಾಮ್ರದ್ದೇನಾ ಅಂತ ನೋಡಿ. ಎಷ್ಟೋ ಮನೆಗಳಲ್ಲಿ ಹಳೇ ನಂಬರೇ ಇರುತ್ತದೆ, ಒಳಗೆ ಮಾತ್ರ ಯಾವಾಗಲೋ ಇಂಟರ್ನೆಟ್ ಫೋನ್ ಆಗಿರುತ್ತದೆ. ಫೋನಿನ ತಂತಿ ನೇರ ಗೋಡೆಯ ಸಾಕೆಟ್ಟಿಗೆ ಹೋಗುತ್ತದೋ, ದೀಪ ಮಿಣುಕುವ ಡಬ್ಬಿಗೆ ಹೋಗುತ್ತದೋ ನೋಡಿ. ಅನುಮಾನ ಇದ್ದರೆ ಮನೆಯ ಮೇನ್ ಸ್ವಿಚ್ ಒಂದು ನಿಮಿಷ ಆಫ್ ಮಾಡಿ, ತಂತಿ ಇರುವ ಮಾಮೂಲಿ ಫೋನ್ ಎತ್ತಿ ಕೇಳಿ. ಟೋನ್ ಬಂದರೆ, ಬೇರೆಲ್ಲೂ ಬ್ಯಾಟರಿ ಇಟ್ಟಿಲ್ಲದಿದ್ದರೆ, ತಾಮ್ರ. ಕಾರ್ಡ್‌ಲೆಸ್ ಫೋನಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರ ಬೇಸಿಗೇ ಕರೆಂಟ್ ಬೇಕು. ಇದನ್ನು ಮರೆತೇ ಎಷ್ಟೋ ಜನ ತಾಮ್ರದ ಲೈನ್ ಇದ್ದೂ ಕತ್ತಲೆಯಲ್ಲಿ ಫೋನ್ ಇಲ್ಲದೆ ಕೂರುತ್ತಾರೆ. ಅಮ್ಮನ ಮಂಚದ ಪಕ್ಕ ತಂತಿ ಇರುವ ಫೋನ್ ಒಂದು ಇರಲಿ.

ಎಮರ್ಜೆನ್ಸಿ ಬಟನ್ ಕಂಪನಿಗೆ ಫೋನ್ ಮಾಡಿ, ನಿಮ್ಮ ಮಾಡೆಲ್ ಇಂಟರ್ನೆಟ್ ಫೋನಿನ ಮೇಲೆ ನಡೆಯುತ್ತದಾ, ಮೊಬೈಲ್ ಸಿಗ್ನಲ್ ಮೇಲೆ ನಡೆಯುವುದು ಬೇರೆ ಇದೆಯಾ ಅಂತ ಕೇಳಿ. ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಮುಂದೆಂದಾದರೂ ಲೈನ್ ಬದಲಾಯಿಸಿದರೆ, ಹಳೆಯದನ್ನು ಕತ್ತರಿಸುವ ಮೊದಲೇ ಬಟನ್ ಒತ್ತಿ ಪರೀಕ್ಷೆ ಮಾಡಿ. 911ಕ್ಕೆ ದಾಖಲಾದ ವಿಳಾಸವನ್ನೂ ಕೇಳಿ ಖಚಿತ ಮಾಡಿಕೊಳ್ಳಿ. ಮನೆಯಲ್ಲಿ ಇಂಟರ್ನೆಟ್ ಇದ್ದರೆ ಮೊಬೈಲಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ ಅದರಲ್ಲೂ ವಿಳಾಸ ತುಂಬಿಡಿ, ಆದರೆ ಅದು ಎರಡನೇ ಆಸರೆ, ಮೊದಲನೆಯದಲ್ಲ. 2024ರ ಫೆಬ್ರವರಿ 22ರಂದು ಎಟಿ ಅಂಡ್ ಟಿಯ ಮೊಬೈಲ್ ಜಾಲ ದೇಶದಾದ್ಯಂತ ಸುಮಾರು 12 ಗಂಟೆ ಕೆಟ್ಟಾಗ 911ಕ್ಕೆ ಮಾಡಿದ 25,000ಕ್ಕೂ ಹೆಚ್ಚು ಕರೆಗಳು ಹೋಗಲಿಲ್ಲ. ಒಂದೇ ದಾರಿಯನ್ನು ನಂಬಬೇಡಿ.

ಲೈನ್ ಕೆಟ್ಟಾಗಲೆಲ್ಲಾ ತಾರೀಕು, ದೂರಿನ ನಂಬರ್, ಸರಿಯಾದ ದಿನ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಯೋಗದ ಮುಂದೆ ಕೋಪಕ್ಕಿಂತ ತಾರೀಕಿಗೆ ಬೆಲೆ ಜಾಸ್ತಿ. ಸಿಪಿಯುಸಿ ವೆಬ್‌ಸೈಟಿನಲ್ಲಿ ಮೇಲೆ ಕೊಟ್ಟ ನಡಾವಳಿ ಸಂಖ್ಯೆ ಹುಡುಕಿ ನಿಮ್ಮ ಅಭಿಪ್ರಾಯ ಬರೆಯಿರಿ, ವಕೀಲರು ಬೇಕಿಲ್ಲ, ಪುಟಗಟ್ಟಲೆ ಬೇಕಿಲ್ಲ. ಮನೆಯೊಳಗೆ ಎಷ್ಟು ಕಡ್ಡಿ ಸಿಗ್ನಲ್, ಕಳೆದ ಚಳಿಗಾಲದಲ್ಲಿ ಎಷ್ಟು ದಿನ ಕರೆಂಟ್ ಇರಲಿಲ್ಲ, ಅಮ್ಮನ ಬಟನ್ ಯಾವ ಲೈನಿನಲ್ಲಿದೆ. ಹತ್ತು ಸಾಲು ಸಾಕು. 2024ರಲ್ಲಿ ಅರ್ಜಿ ಬಿದ್ದುಹೋದಾಗ ಆಯೋಗದ ಕಡತದಲ್ಲಿ ಇಂಥ ಹತ್ತು ಸಾಲಿನ ಸಾವಿರಾರು ಪತ್ರಗಳಿದ್ದವು. ಬೆಟ್ಟದಲ್ಲಿ ಇನ್ನೂ ಕನ್ನಡದವರಿದ್ದರೆ, ವಯಸ್ಸಾದ ಅಪ್ಪ ಅಮ್ಮ ಜೊತೆಗಿರುವವರಿದ್ದರೆ, ಅವರಿಗೂ ಹೇಳಿ. ಊರಿನಿಂದ ಬಂದ ಹಿರಿಯರು ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಯುತ್ತಾರೆ, ಅವರ ಮಾತನ್ನು ನೀವು ಬರೆದುಕೊಡಿ.

ಕೊನೆಗೆ ಅಮ್ಮನ ಡಯಲ್ ಫೋನ್. ಈಗಿನ ತಾಮ್ರದ ಲೈನಿನಲ್ಲಿ ಅದು ಸಾಮಾನ್ಯವಾಗಿ ನಡೆಯುತ್ತದೆ. ಫೈಬರಿನ ಡಬ್ಬಿಗೆ ಹಾಕಿದರೆ ಬಂದ ಕರೆ ರಿಂಗ್ ಆಗಬಹುದು, ಎತ್ತಿ ಮಾತಾಡಲೂ ಆಗುತ್ತದೆ. ನಂಬರ್ ತಿರುಗಿಸಿ ಕರೆ ಮಾಡುವುದು ಮಾತ್ರ ಡಬ್ಬಿಯ ಮೇಲೆ ಹೋಗುತ್ತದೆ. ಡಯಲ್ ತಿರುಗಿದಾಗ ಅದು ಟಕ್ ಟಕ್ ಅಂತ ಲೈನನ್ನು ಕಡಿದು ಸೇರಿಸುತ್ತದೆ, ಗುಂಡಿ ಒತ್ತುವ ಫೋನಿನ ಹಾಗೆ ಸ್ವರ ಕಳಿಸುವುದಿಲ್ಲ. ಆ ಟಕ್ ಟಕ್ ಎಷ್ಟೋ ಹೊಸ ಡಬ್ಬಿಗಳಿಗೆ ಅರ್ಥವಾಗುವುದಿಲ್ಲ. ಅದನ್ನು ಸ್ವರವಾಗಿ ಬದಲಿಸುವ ಸಣ್ಣ ಪರಿವರ್ತಕ ಅಂಗಡಿಗಳಲ್ಲಿ ಸಿಗುತ್ತದೆ, ಫೋನಿಗೂ ಡಬ್ಬಿಗೂ ನಡುವೆ ಸಿಕ್ಕಿಸಿದರೆ ಸಾಕು. ಅಷ್ಟಾದರೂ 911ಕ್ಕೆ ಕರೆ ಮಾಡಲು ಅದೊಂದನ್ನೇ ನಂಬಬೇಡಿ. ಅದು ನಡುಮನೆಯಲ್ಲಿರಲಿ, ಗುಂಡಿಯ ಫೋನ್ ಮಂಚದ ಪಕ್ಕ ಇರಲಿ.